ಒಂದಗುಳಿನ ಸಾಕ್ಷಿ

ಬೆಂದೈತೇನೇ?
ಇನ್ನೂ ಒಂದು ಚಪ್ಪಲಿ ಕಾಲಲ್ಲಿರುವಾಗಲೇ ಕೇಳುತ್ತಾರೆ.
ಬೆಂದೈತೆ.
ಸರಿಯಾಗಿ?
ಸರಿಯಾಗಿ.
ಹದಿನೇಳು ವರ್ಷ, ದಿನಕ್ಕೆರಡು ಸಲ.
ಗೋಪಾಳದ ಈ ಬಾಡಿಗೆ ಮನೆಯ ಗೋಡೆಗೂ
ಉತ್ತರ ಬಾಯಿಪಾಠ.

ಒಂದಗುಳು ಹಿಚುಕಿದರೆ ಸಾಕು, ಪಾತ್ರೆಯೆಲ್ಲ ತಿಳಿಯುತ್ತದೆ,
ನಮ್ಮವ್ವ ಹೇಳಿಕೊಟ್ಟಿದ್ದು.
ಇವರು ಒಪ್ಪುವುದಿಲ್ಲ.
ಕೋರ್ಟಿನಲ್ಲಿ ಕಡತ ಹೊಲಿಯುವ ಗುಮಾಸ್ತ,
ಒಬ್ಬನೇ ಸಾಕ್ಷಿಯನ್ನು ನಂಬಿ ಕೆಟ್ಟ ಕೇಸುಗಳ ಪಟ್ಟಿ ಇವರ ಹತ್ತಿರ ಇದೆ.
ತಳದಿಂದೊಂದು, ನಡುವಿನಿಂದೊಂದು,
ಪಾತ್ರೆಯ ಅಂಚಿಗಂಟಿ ತಪ್ಪಿಸಿಕೊಂಡಿದ್ದೊಂದು,
ಹೆಸರು ಕೂಗಿ ಕರೆದು ಎರಡು ಬೆರಳ ನಡುವೆ ನಿಲ್ಲಿಸಿ
ಪಾಟೀಸವಾಲು.
ಬೇಯುವ ತನಕ ಕಾದವಳು ಆರುವ ತನಕ ಕಾಯಲಾರಳೇ,
ಎಂದು ಗಾದೆ ಕಟ್ಟಿದ ಹೆಂಗಸಿಗೆ
ಇಂಥ ಗಂಡ ಇದ್ದಿರಲಿಕ್ಕಿಲ್ಲ.

ಕಡುಬಿಗೆ ಕಡ್ಡಿ ಚುಚ್ಚಿ ಬೆಳಕಿಗೆ ಹಿಡಿಯುತ್ತಾರೆ.
ಕಳಲೆ ಮೂರು ದಿನ ನೀರಲ್ಲಿ ನೆಂದರೂ ನಾಲ್ಕನೆಯ ದಿನಕ್ಕೆ ವಾಯಿದೆ.
ಕೋಳಿಯ ಮೂಳೆಯ ಬುಡದಲ್ಲಿ ಚೂರು ಕೆಂಪು ಕಂಡರೆ
ಬಡಿಸಿದ ತಟ್ಟೆಗಳೆಲ್ಲ ವಾಪಸ್ಸು ಒಲೆಗೆ.
ಹೊಳೆಹೊನ್ನೂರಿನ ಮದುವೆಯಲ್ಲಿ
ಹಿಂದಿನ ಚಪ್ಪರಕ್ಕೇ ಹೋಗಿ ಕೊಪ್ಪರಿಗೆಗೆ ಬಗ್ಗಿ ಕೇಳಿದಾಗ
ಅಡುಗೆಯವನು ಸೌಟು ಎತ್ತಿದ್ದ.
ನಾನು ಸೆರಗು ಬಾಯಿಗಿಟ್ಟುಕೊಂಡು
ಗುರುತಿಲ್ಲದವಳ ಹಾಗೆ ಆಚೆ ಸಾಲಿನಲ್ಲಿ ಕೂತೆ.

ಕೆಸವಿನ ಸೊಪ್ಪು ಮಾತ್ರ ನಮ್ಮ ಹೊಸಿಲು ದಾಟಿಲ್ಲ.
ವಾಟೆಹುಳಿ ಹಾಕ್ತೀನಿ, ಚೆನ್ನಾಗಿ ಕುದಿಸ್ತೀನಿ ಅಂದರೂ
ಬೇಡ.
ಅಷ್ಟೇ. ಅದಕ್ಕೆ ಮಾತ್ರ ವಾದ ಇಲ್ಲ.

ನನ್ನ ಹೊಟ್ಟೆ ಉರಿಸಿದ್ದು ಅದಲ್ಲ.
ಎಲ್ಲರಿಗಿಂತ ಮುಂಚೆ ಇವರೇ ತಿನ್ನಬೇಕು.
ಮಕ್ಕಳು ತಟ್ಟೆ ಹಿಡಿದು ಕೂತಿದ್ದರೂ
ನಿಂತಲ್ಲೇ ಎರಡು ತುತ್ತು ಇವರಿಗೆ ಮೊದಲು.
ಆಮೇಲೆ ಒಂದು ಲೋಟ ನೀರು ಹಿಡಿದು
ಗಡಿಯಾರ ನೋಡುತ್ತಾ ಸುಮ್ಮನೆ.
ಆಮೇಲೆ, ಹ್ಞಾ, ಹಾಕು ಮಕ್ಕಳಿಗೆ.
ಗಂಡಸಿನ ಹೊಟ್ಟೆಬಾಕತನ ಅಂದುಕೊಂಡಿದ್ದೆ.
ತವರಲ್ಲೂ ಹಾಗೇ ಹೇಳಿದ್ದೆ. ಅವರೂ ಹ್ಞೂಂಗುಟ್ಟಿದ್ದರು.

ಮೊನ್ನೆ ರಿಪ್ಪನ್‌ಪೇಟೆಯಿಂದ ನಾದಿನಿ ಜಲಜಾಕ್ಷಿ
ಕಣ್ಣು ತೋರಿಸಲು ಬಂದು ಎರಡು ದಿನ ಉಳಿದಳು.
ಬೆಳ್ಳುಳ್ಳಿ ಸುಲಿಯುತ್ತಾ ಯಾವ ಮಾತಿಗೋ ಅಂದಳು:
ನಂಗೆ ಐದು, ಅಣ್ಣಂಗೆ ಒಂಬತ್ತು.
ನೆಟ್ಟಿಗೆ ಹೋದ ಅವ್ವ ಕತ್ತಲಾದ್ರೂ ಬಂದಿರ್ಲಿಲ್ಲ.
ಹಸಿವು ಅಂತ ಅತ್ತೆ ನೋಡು,
ಗದ್ದೆ ಅಂಚಿಂದ ಕೆಸ ಕಿತ್ತು ತಂದು ಬೇಯ್ಸೋಕೆ ಇಟ್ಟ.
ಕಟ್ಟಿಗೆ ಹಸಿ. ಬರೀ ಹೊಗೆ.
ಮೊದ್ಲು ನಂಗೇ ಬಡಿಸ್ದ, ಪಾಪ.
ಗಂಟ್ಲು ಊದಿ ಎರಡು ದಿನ ಮಾತೇ ಇರ್ಲಿಲ್ವಂತೆ.
ನಂಗೆ ನೆನಪಿರೋದು, ಉಪ್ಪು ಹಾಕಿರ್ಲಿಲ್ಲ ಅನ್ನೋದಷ್ಟೇ.
ನಕ್ಕಳು. ಅವಳ ದನಿ ಯಾವತ್ತೂ ಸ್ವಲ್ಪ ಒಡಕು,
ಅದರಿಂದಲೋ, ಹುಟ್ಟಿನಿಂದಲೋ.
ನಡುಮನೆಯಲ್ಲಿ ಇವರು ಟೀವಿಯ ಸದ್ದು ಜಾಸ್ತಿ ಮಾಡಿದರು.

ಇವತ್ತು ಬಂದರು. ಒಂದು ಚಪ್ಪಲಿ ಬಿಟ್ಟರು.
ಸೀಟಿ ಎಷ್ಟಾಯ್ತು?
ಮೂರಾದಾಗೆಲ್ಲ ನಾಲ್ಕು ಅಂದುಕೊಂಡು ಬಂದವಳು ನಾನು,
ಹದಿನೇಳು ವರ್ಷದ ಸುಳ್ಳುಸಾಕ್ಷಿ,
ಗ್ಯಾಸಿನ ಲೆಕ್ಕ ನನ್ನದು.
ಮೂರು, ಅಂದೆ.
ತಡೀರಿ, ಇನ್ನೊಂದಾಗಲಿ.

ಇನ್ನೊಂದು ಚಪ್ಪಲಿ ಬಿಡುವುದನ್ನು ಮರೆತು
ಇವರು ಕುಕ್ಕರನ್ನೇ ನೋಡುತ್ತಾ ನಿಂತರು.
ಬೇಳೆ ಪೂರ್ತಿ ಕರಗಿ ಹೋಯಿತು.
ಹೋಗಲಿ.