ಅರ್ಧ ಅಡಿ

ಪುಟ್ಟ ಯುದ್ಧನೌಕೆಯ ಮೂರನೆಯ ನಕ್ಷೆಯೂ ವಾಪಸು.
ಹಣಕಾಸಿನವರ ಷರಾ:
ಹಾಸಿಗೆ ಇದ್ದಷ್ಟು ಕಾಲು ಚಾಚಿ.
ತುರ್ಕುವಿನ ಬಂದರು ಹೆಪ್ಪುಗಟ್ಟಿದೆ,
ಮಸಿಕುಡಿಕೆಯೂ.

ಐಲಿ ರಬ್ಬರು ಹಿಡಿದಳು.
ಹಿಂಬದಿಯ ಫಿರಂಗಿ ಹೋಯಿತು,
ಪಕ್ಕೆಯ ಉಕ್ಕು ಎರಡು ಬೆರಳು ಸವೆಯಿತು,
ವೇಗ? ಹದಿನಾಲ್ಕು ನಾಟ್ ಸಾಕು,
ಓಡಿಹೋಗುವುದಾದರೂ ಎಲ್ಲಿಗೆ, ಇದೇ ನಮ್ಮ ದಡ.

ಇನ್ನೂ ನಲವತ್ತು ಟನ್ನು ಹೆಚ್ಚು.

“ಬ್ರೆಡ್ಡಿನ ಒಲೆ ತೆಗೆ,” ಅಂದ ಕ್ಯಾಪ್ಟನ್ ವೆಸ್ಟರ್‌ಹೋಮ್,
“ಒಣ ರಸ್ಕು ತಿಂದುಕೊಂಡಿರಲಿ.”
ಅವಳು ತೆಗೆಯಲಿಲ್ಲ.
ನಾವಿಕರು ಮಲಗುವ ಹಲಗೆಗಳನ್ನು
ಅರ್ಧ ಅಡಿ ಮೊಟಕು ಮಾಡಿದಳು,
ಹಡಗೂ ಅಷ್ಟು ಕುಗ್ಗಿತು.
ಲೆಕ್ಕ ಕೂಡಿತು.

ರಾತ್ರಿ ಮನೆಯಲ್ಲಿ
ತಮ್ಮ ಓಸ್ಮೊ ಬೆಂಚಿನ ಮೇಲೆ ನಿದ್ದೆಹೋಗಿದ್ದ,
ಮಂಜು ಕರಗಿದರೆ ನೌಕಾಪಡೆಗೆ ಹೊರಡುವವನು.
ಕಂಬಳಿಯಾಚೆ ಎರಡು ಪಾದ.
ಅಳತೆಪಟ್ಟಿ ಕೈಚೀಲದಲ್ಲೇ ಇತ್ತು.
ತೆಗೆಯಲಿಲ್ಲ.