ಗೀಟು ಹೊಡೆದ ಕಾಲಂ

ನಂದೂರಿನ ಬೇಳೆ ಮಿಲ್ಲಿನ ಆಫೀಸಿನಾಗ
ಮುಂಜಾನಿ ಹತ್ತಕ್ಕ ಅರ್ಜಿಗಳ ಮ್ಯಾಲ
ತೊಗರಿ ಹೊಟ್ಟು, ಊದಿದಷ್ಟೂ ಬಂದು ಕೂಡತದ.
ಒಂದೊಂದಕ್ಕೂ ಫುಟ್‌ಪಟ್ಟಿ ಇಟ್ಟು
ಗೀಟು ಹೊಡೀತೀನಿ ಮೂರನೇ ಕಾಲಂ:
'ತಂದೆ ಅಥವಾ ಗಂಡನ ಹೆಸರು.'
ಹಳೇ ಫಾರ್ಮು, ಸಾವಿರ ಪ್ರತಿ ಉಳಿದಾವ,
ಮಾಲಕರು ಕಾಗದ ಒಗ್ಯಾವರಲ್ಲ.

ವಕೀಲರು ಬರೆದುಕೊಟ್ಟದ್ದು ಏಳೇ ಸಾಲು,
ಟೇಬಲ್ಲಿನ ಗಾಜಿನ ಕೆಳಗ ಇಟ್ಕೊಂಡೀನಿ:
ಲಗ್ನ ಕೇಳಬ್ಯಾಡ. ಕೂಸು ಕೇಳಬ್ಯಾಡ.
ಜಾತಿ, ದೇವರು, ಮೈಯಾಗಿನ ಬ್ಯಾನಿ ಕೇಳಬ್ಯಾಡ.
ಉಳಿದವು ಚಹಾ ಚೆಲ್ಲಿ ಅಳಿಸ್ಯಾವ.

ಆದ್ರ ನಮ್ಮ ಊರಾಗ ಪ್ರಶ್ನಿ
ಬಾಗಿಲದಿಂದ ಬರೂದಿಲ್ಲರಿ.
ಕಪ್ಪು ಮುಂದ ಸರಿಸಿ
'ಇವತ್ತೇನರ ಉಪಾಸ ಅದ ಏನು?' ಅಂದ್ರ
ದೇವರ ಹೆಸರು ಬಂದೇಬಿಡ್ತದ.
'ಮನಿ ಎಲ್ಲಿ ಬರ್ತದ?' ಅಂದ್ರ ಓಣಿ,
ಓಣಿ ಅಂದಮ್ಯಾಲ ಮತ್ತೇನುಳೀತು?
'ಬುತ್ತಿಗೇನು ತಂದೀರಿ?'
ಅದು ಅಕ್ಕರೆ ಅಲ್ಲ,
ತಕ್ಕಡಿ.

ಮಾಲಕರ ಅಳಿಯ ಬಾಜೂಕ ಕೂತಾನ.
ಪುಣೆದಾಗ ಕಲ್ತು ಬಂದಾನ, ಛಲೋ ಹುಡುಗ,
ಖುರ್ಚಿ ಮಾತ್ರ ಒಂದು ಕಡೆ ನಿಲ್ಲಲ್ಲ.
ಎದುರಿಗೆ ಭಾಗ್ಯವಂತಿ, ಬಿ.ಎಸ್ಸಿ.
ಚಪ್ಪಲಿ ಹೊರಗ ಬಿಟ್ಟು ಬಂದಾಳ,
ಯಾರೂ ಬಿಡು ಅಂದಿಲ್ಲ.
'ಅಲ್ಲಮ್ಮಾ, ರಾತ್ರಿ ಪಾಳಿ ಇರ್ತದ, ಮನ್ಯಾಗ ಸಣ್ಣ...'
ಅಂತ ಅವ ಬಾಯಿ ತೆಗೆಯೋದು,
ನಾ ತೊಗರಿ ತಾಟು ನಡುವ ನೂಕೋದು
ಎರಡೂ ಒಮ್ಮೇಕೆ.

'ಮೀಟರ್ ಕೆಟ್ಟದ ಅಂತ ತಿಳ್ಕೋ.
ಈ ಕಾಳಿನ್ಯಾಗ ಹಸಿ ಎಷ್ಟದ?'

ಆಕಿ ಒಂದು ಕಾಳು ಹಲ್ಲಿನ ನಡುವ ಇಟ್ಟಳು.
ಕಟ್.

ಇಪ್ಪತ್ತಾರು ವರ್ಷದ ಹಿಂದ, ಇದೇ ಖೋಲಿ,
ಗೋಡಿಗಿ ಅವಾಗ ಹಸಿರು ಬಣ್ಣ.
'ಮಕ್ಕಳಾಗ್ಯಾವೇನವ್ವಾ?' ಅಂದಿದ್ರು ದೊಡ್ಡ ಮಾಲಕರು,
ಕೆಟ್ಟ ಮನಸಿಲೆ ಅಲ್ಲ, ಕುಡಿಯಾಕ ನೀರು ಕೇಳಿದಂಗ.
'ಇಲ್ಲರಿ' ಅಂದೆ.
ಹೊರಗ ಬೇವಿನ ಗಿಡದ ಬುಡಕ್ಕ, ಅವ್ವನ ತೊಡಿಮ್ಯಾಲ
ಐದು ತಿಂಗಳಾಕಿ ಅಳಲಾಕತ್ತಿದ್ಳು.
ಅಳು ಕಿಟಕ್ಯಾಗಿಂದ ಒಳಗ ಬಂತು.
'ಯಾರದೋ ಕೂಸು' ಅಂದ್ರು ಅವರು.
'ಹೌದ್ರಿ' ಅಂದೆ.
ಕುಪ್ಪಸಕ್ಕ ಸುಳ್ಳು ಹೇಳಾಕ ಬರಲಿಲ್ಲ,
ಸೆರಗು ಬಿಗಿಯಾಗಿ ಹೊದ್ದು ಸಹಿ ಹಾಕಿದೆ.
ಆ 'ಹೌದ್ರಿ' ಮಗಳ ಮುಂದ ಇನ್ನೂ ಹೇಳಿಲ್ಲ.

'ಹನ್ನೊಂದು, ಹನ್ನೊಂದೂವರಿ' ಅಂದಳು ಭಾಗ್ಯವಂತಿ,
'ಇನ್ನೆರಡು ಬಿಸಿಲು ಬೇಕ್ರಿ.'
ಮೀಟರ್ ಒತ್ತಿದೆ: ಹನ್ನೊಂದು ಪಾಯಿಂಟ್ ಎಂಟು.
'ರಾತ್ರಿ ಪಾಳಿ ತಿಂಗಳಿಗೆ ಎಂಟು, ಆಗ್ತದೇನು?'
ಇದು ಎಲ್ಲಾರಿಗೂ ಕೇಳಿದ್ದು,
ಈಕಿಗಿಂತ ಮುಂಚಿನ ಮೀಸಿ ಹುಡುಗಗೂ.
'ಆಗ್ತದ್ರಿ' ಅಂದು ಎದ್ದು, ಬಾಗಿಲ ತನಕ ಹೋಗಿ, ನಿಂತು,
'ಮೇಡಂ, ಒಂದು ಮಾತು ನೀವು ಕೇಳೇ ಇಲ್ಲ...'
'ಕೇಳಿಲ್ಲಂದ್ರ ಹೇಳೋದೂ ಇಲ್ಲ' ಅಂದೆ.
ಜರಾ ಬಿರುಸಾಗೇ ಅಂದೆ ಅನಸ್ತದ.
ಆಕಿ ಹೆದರಿದಳೋ, ನಕ್ಕಳೋ,
ಹೊಟ್ಟು ಹಾರೋ ಬೆಳಕಿನ್ಯಾಗ ಕಾಣಲಿಲ್ಲ.

ಅಳಿಯ ಅರ್ಜಿಯ ಅಂಚಿಗೆ ಪೆನ್ಸಿಲ್ಲಿಲೆ
ಸಣ್ಣ ಪ್ರಶ್ನಾರ್ಥಕ ಬರೆದಿದ್ದ.
ರಬ್ಬರ್ ತಿಕ್ಕಿ ಅಳಿಸಿದೆ, ಅವನ ಎದುರಿಗೇ.

ಯಾಕೋ ಕಿಟಕಿ ತೆಗೆದು ನೋಡಿದೆ.
ಬೇವಿನ ಗಿಡ ಕಡಿದು ಅಲ್ಲಿ ತೂಕದ ಕಾಟಾ ಹಾಕ್ಯಾರ.
ಲಾರಿ ಒಂದು ನಿಂತದ, ಖಾಲಿ,
ತನ್ನ ಭಾರ ತಾನೇ ತೂಗಿಸ್ಕೋತ.

'ಮುಂದಿನವರು' ಅಂದೆ.