ಪಾಳಿ ಇಲ್ಲದ ರಾತ್ರಿ

ಇಪ್ಪತ್ತೊಂದು ವರ್ಷದಿಂದ ನನ್ನದು ಗಾಳಿಮಾತಿನ ಕಸುಬು.
ಸಂಬಳವಿಲ್ಲ. ಕೇಳುಗರೇ ಆಗಾಗ ಚಂದಾ ಎತ್ತಿ
ಮಾಳಿಗೆಯ ಆಂಟೆನಾಕ್ಕೆ ಹೊಸ ತಂತಿ ಕಟ್ಟಿಸುತ್ತಾರೆ.
ಹಗಲು ಬಸ್ ಡಿಪೋದಲ್ಲಿ ಟಯರು ತಟ್ಟುತ್ತೇನೆ,
ರಾತ್ರಿ ಹತ್ತಕ್ಕೆ ಮೊಂಟೆವಿಡಿಯೊದ ಈ ನಾಲ್ಕಾರು ಬೀದಿಗೆ
'ನೆರೆಹೊರೆಯವರೇ, ನಾನು ಎಲ್ಬಿಯೊ' ಅನ್ನುತ್ತೇನೆ.
ದೊಡ್ಡ ರಸ್ತೆ ದಾಟಿದರೆ
ನಾನು ಬರೀ ಗೊರಗೊರ.

ಇವತ್ತು ಪಾಳಿ ಇಲ್ಲ.
ಸ್ಟುಡಿಯೋಗೆ ಬೀಗ ಜಡಿಯುವ ಮುಂಚೆ
ಗಾಳಿ ಗೊರಕೆ ಹೊಡೆಯದಿರಲೆಂದು
ಮೈಕಿಗೊಂದು ಕಾಲುಚೀಲ ತೊಡಿಸಿ
ಬಾಲ್ಕನಿಯ ಕಂಬಿಯಿಂದ ಕೆಳಕ್ಕೆ ಇಳಿಬಿಟ್ಟೆ.
ಕಾರ್ಯಕ್ರಮ ಬೀದಿಯದ್ದು,
ನಡುವೆ ಬಾಯಿ ಹಾಕುವವರಿಲ್ಲ.

ಮೂಲೆಯಲ್ಲಿ ಬೆಂಕಿ. ರಟ್ಟು, ಹಣ್ಣಿನ ಪೆಟ್ಟಿಗೆ,
ಯಾರದೋ ಮುರಿದ ಕುರ್ಚಿಯ ಕಾಲು.
ಸುತ್ತ ಡೋಲುಗಳು ಮುಖ ಒಡ್ಡಿ ಮಲಗಿವೆ;
ಫೆಬ್ರವರಿಯ ಸೆಕೆಯಲ್ಲೂ ಚರ್ಮಕ್ಕೆ ಚಳಿಯಂತೆ.
ಹೀಬರ್ ಬೆರಳ ಗಿಣ್ಣಿನಿಂದ ಒಂದನ್ನು ತಟ್ಟಿ, ಕಿವಿ ವಾಲಿಸಿ,
'ಇನ್ನೂ ಬೆಂದಿಲ್ಲ' ಅಂದ,
ಅಗುಳು ಹಿಚುಕಿ ನೋಡಿದವನ ಹಾಗೆ.

'ಒಂದು ಸಾಸೇಜು ಬ್ರೆಡ್ಡು, ಈರುಳ್ಳಿ ಜಾಸ್ತಿ' ಅಂದೆ.
ಇಕ್ಕಳ ಹಿಡಿದಿದ್ದ ಶಿರ್ಲೇ ಕಣ್ಣು ಮುಚ್ಚಿದಳು.
'ಇನ್ನೊಂದ್ಸಲ ಹೇಳಿ.'
ಹೇಳಿದೆ.
'ಅಯ್ಯೋ, ನೀವಾ! ಎತ್ತರದ ಆಳು ಅಂದ್ಕೊಂಡಿದ್ದೆ.'
ಕಿವಿಗೆ ಇದ್ದಷ್ಟು ಉದ್ದ ಕಣ್ಣಿಗಿಲ್ಲ, ಏನು ಮಾಡಲಿ.
ದುಡ್ಡು ಮುಟ್ಟಲಿಲ್ಲ ಅವಳು.
ಗಂಡ ಆಸ್ಪತ್ರೆಯಲ್ಲಿದ್ದ ವಾರ
ನಾನು ಯಾವುದೋ ಹಾಡು ಹಾಕಿದ್ದೆನಂತೆ.
ಯಾವುದೆಂದು ಅವಳಿಗೆ ನೆನಪಿಲ್ಲ.
ನನಗೂ ಇಲ್ಲ.

ಅಷ್ಟರಲ್ಲಿ ಬಂತು.
ಬರುವುದು ಕಿವಿಗಲ್ಲ ಮೊದಲು, ಅಂಗಾಲಿಗೆ.
ಹೇಳಿದ್ದನ್ನೇ ಹೇಳುವ ಹಟದ ಮಗು, ಸಣ್ಣ ಡೋಲು;
ಅದರ ತಲೆಯ ಮೇಲೆ ಮಾತಿಗೆ ಮಾತು ಬೆಳೆಸುವ ಇನ್ನೊಂದು;
ಎಲ್ಲದರ ತಳದಲ್ಲಿ ಹೀಬರನ ಹೊಟ್ಟೆದಪ್ಪನೆಯದು,
ಒಂದು ಕೈಯಲ್ಲಿ ಕೋಲು, ಒಂದು ಬರಿಗೈ,
ಬರಿಗೈಯ ಏಟೇ ಹೆಚ್ಚು ನೋಯುವಂಥದ್ದು.
ನಡುಗುವ ಮುದುಕನ ವೇಷದಲ್ಲಿ ಹದಿನಾರರ ಹುಡುಗ
ಬಿಳಿಗಡ್ಡ ಜಾರದಂತೆ ಒಂದು ಕೈಯಲ್ಲಿ ಹಿಡಿದೇ ಕುಣಿದ.
ಅಭ್ಯಾಸಬಲ, ನನ್ನ ಬಾಯಿ ತೆರೆಯಿತು:
'ಕೇಳುಗರೇ, ಈಗ ನಮ್ಮ ಮುಂದೆ...'
ಡೋಲು ನುಂಗಿತು.
ಎಂಥ ಸುಖ, ಯಾರಿಗೂ ಏನನ್ನೂ
ವಿವರಿಸಬೇಕಾಗಿಲ್ಲದ್ದು.

ಹಳೇ ಚಾಳು ಕೆಡವಿದ ಜಾಗದಲ್ಲಿ ಈಗ ಪಾರ್ಕಿಂಗು.
ಅದರೆದುರು ತಂಡ ನಡೆಯುವುದು ಬಿಟ್ಟು
ನಿಂತಲ್ಲೇ ಬಾರಿಸಿತು ಸ್ವಲ್ಪ ಹೊತ್ತು.
ಹೀಬರನ ತಾಯಿ ಅಲ್ಲಿ ಹುಟ್ಟಿದ್ದು.
ಒಂದು ಕಾರಿನ ಅಲಾರಂ ಕೂಗಿಕೊಂಡಿತು,
ಯಾರೂ ನಗಲಿಲ್ಲ.

ಜೇಬಿನಲ್ಲಿ ಫೋನು. ಎರಡು ಬೀದಿ ಆಚೆ, ಮೂರನೇ ಮಹಡಿ,
ಹಾಸಿಗೆ ಹಿಡಿದ ನೀದಿಯಾ ಅಜ್ಜಿ.
'ಎಲ್ಬಿಯೊ, ಏನೋ ಕೆಟ್ಟಿದೆ ಕಣೋ.
ಪ್ರತಿ ಏಟೂ ನನಗೆ ಎರಡೆರಡು ಸಲ,
ಮೊದಲು ರೇಡಿಯೋದಲ್ಲಿ, ಆಮೇಲೆ ಕಿಟಕಿಯಲ್ಲಿ.'
'ಕೆಟ್ಟಿಲ್ಲ ಅಜ್ಜಿ. ರೇಡಿಯೋ ಹಾರಿ ಬರುತ್ತೆ,
ಸದ್ದು ಪಾಪ ಬೀದಿ ಹಿಡಿದು ನಡೆದು ಬರಬೇಕು.
ಬೇಕಿದ್ದರೆ ಒಂದನ್ನು ಆರಿಸಿ.'
'ಬೇಡ ಬೇಡ, ಎರಡೂ ಇರಲಿ.
ನಡುವೆ ಇಷ್ಟೇ ಇಷ್ಟು ಜಾಗ ಇದೆ,
ಅಲ್ಲಿ ಕಾಲು ಆಡಿಸ್ತಿದೀನಿ.'

ಮನೆಗೆ ಬಂದು ಷೂ ಬಿಚ್ಚಿದರೆ
ಎಡಹಿಮ್ಮಡಿಯಲ್ಲಿ ದ್ರಾಕ್ಷಿ ಗಾತ್ರದ ಗುಳ್ಳೆ.
ಆ ಕಾಲಿನ ಚೀಲ ಇನ್ನೂ ಬಾಲ್ಕನಿಯಲ್ಲಿ ನೇತಾಡುತ್ತ
ಪ್ರಸಾರ ಮಾಡುತ್ತಿದೆ:
ಕಸ ಗುಡಿಸುವವರ ಪೊರಕೆ, ಉರುಳುವ ಬಾಟಲಿ,
ಯಾರೋ ಇಬ್ಬರ ಮುಗಿಯದ ಜಗಳ, ನದಿಯ ಗಾಳಿ.
ಎದ್ದು ಹೋಗಿ ನಿಲ್ಲಿಸಬೇಕಿತ್ತು.
ದೀಪ ಆರಿಸಿ, ರೇಡಿಯೋ ದಿಂಬಿನ ಪಕ್ಕ ಇಟ್ಟುಕೊಂಡು
ಬೆಳಗಿನ ಮೊದಲ ಬಸ್ಸಿನವರೆಗೂ ಕೇಳಿದೆ.
ಅದರ ಮುಂದಿನ ಟಯರಿಗೆ ಗಾಳಿ ಕಡಿಮೆ ಇತ್ತು.